ಮಧ್ಯರಾತ್ರಿ ಹಾಡಿದವನೇ ಬೆಳಿಗ್ಗೆ ನ್ಯಾಯ ಕೇಳಿದ: ಫಿಲಿಪ್ಪಿ ಪತ್ರಿಕೆ ಓದುವವರಿಗೆ ಟಿಪ್ಪಣಿ

'ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ' (ಫಿಲಿಪ್ಪಿ 4:4) ಎಂಬ ಮಾತು ಅಪೊಸ್ತಲ ಪೌಲ ಫಿಲಿಪ್ಪಿ ಪಟ್ಟಣದ ಸಭೆಗೆ ಬರೆದ ಪತ್ರದಲ್ಲಿದೆ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಮನೆಯಲ್ಲಿ ಕುಳಿತು ಈ ಮಾತನ್ನು ಓದುವುದು ಹೇಗೆ? ಕೊಪ್ಪಳ, ರಾಯಚೂರು ಕಡೆಯ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಅಂಥ ಮನೆಗಳು ಕಡಿಮೆಯಿಲ್ಲ. ಅದಕ್ಕೇ ಈ ಪತ್ರಿಕೆಯನ್ನು ಅವಸರ ಮಾಡದೆ ಓದೋಣ.

ಬರೆದ ಪೌಲನು ಆಗ ಸೆರೆಯಲ್ಲಿದ್ದ (1:13). ಅವನ ಬೇಡಿ ಫಿಲಿಪ್ಪಿಯ ಸಭೆಗೂ ಹೊಸತಲ್ಲ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯಿರಿ. ಅದೇ ಊರಿನಲ್ಲಿ ಪೌಲ ಮತ್ತು ಅವನ ಜೊತೆಗಾರ ಸೀಲರ ಬಟ್ಟೆ ಕಿತ್ತು, ಛಡಿಗಳಿಂದ ಹೊಡೆಸಿ, ಒಳಸೆರೆಗೆ ತಳ್ಳಿ ಕಾಲಿಗೆ ಕೋಳ ಹಾಕಿದ್ದರು. ಮಧ್ಯರಾತ್ರಿ ಅವರು ಪ್ರಾರ್ಥಿಸುತ್ತ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳುತ್ತಿದ್ದರು. ಭೂಕಂಪವಾಗಿ ಬಾಗಿಲು ತೆರೆದದ್ದು ಆಮೇಲೆ. ಬಾಗಿಲು ತೆರೆಯುತ್ತದೆಂದು ಹಾಡುವಾಗ ಅವರಿಗೆ ಗೊತ್ತಿರಲಿಲ್ಲ. ಸೆರೆಯ ಯಜಮಾನ ಅದೇ ರಾತ್ರಿ ಅವರ ಗಾಯ ತೊಳೆದು, ಮನೆಯವರೆಲ್ಲರೊಂದಿಗೆ ದೀಕ್ಷಾಸ್ನಾನ ಹೊಂದಿದ.

ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ದಯವಿಟ್ಟು 37ನೇ ವಚನದವರೆಗೆ ಹೋಗಿ. ಬೆಳಗಾದ ಮೇಲೆ ಅಧಿಕಾರಿಗಳು ಇಬ್ಬರನ್ನೂ ಸದ್ದಿಲ್ಲದೆ ಬಿಟ್ಟುಬಿಡಲು ಹೇಳಿಕಳಿಸಿದಾಗ ಪೌಲ ಒಪ್ಪಲಿಲ್ಲ. ರೋಮಿನ ಪೌರರಾದ ನಮ್ಮನ್ನು ವಿಚಾರಣೆಯಿಲ್ಲದೆ ಎಲ್ಲರ ಮುಂದೆ ಹೊಡೆಸಿದವರು ಈಗ ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅವರು ಬಂದರು, ಬೇಡಿಕೊಂಡರು. ರಾತ್ರಿ ಹಾಡಿದವನೂ ಬೆಳಿಗ್ಗೆ ನ್ಯಾಯ ಕೇಳಿದವನೂ ಒಬ್ಬನೇ. ಈ ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಕ್ರೈಸ್ತ ಸಂತೋಷ ಏನೆಂದು ತಿಳಿಯುತ್ತದೆ ಅಂತ ನನ್ನ ಗಟ್ಟಿ ನಂಬಿಕೆ.

ನಮ್ಮ ಜಿಲ್ಲೆಗಳ ಒಂದು ಸಂಗತಿ ತೆಗೆದುಕೊಳ್ಳಿ. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನೇ ವರ್ಷಾನುಗಟ್ಟಲೆ ಕುಡಿದರೆ ಮೂಳೆ ಬಿರುಸಾಗಿ, ಕೀಲು ಹಿಡಿದುಕೊಂಡು, ಬೆನ್ನು ಬಾಗುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹೀಗೆ ಬಾಗಿದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿಯೂ ಇಲ್ಲ. ಇಂಥ ನೋವಿನಲ್ಲಿರುವ ತಾಯಿಗೆ, 'ದೇವರು ಪರೀಕ್ಷೆ ಮಾಡಾಕತ್ಯಾನ, ತಾಳ್ಕೋಬೇಕವ್ವ' ಎಂದು ಹೇಳಿ ಎದ್ದುಬರುವುದು, ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನಿಗೆ ಉಪದೇಶ ಮಾಡಿದ ಗೆಳೆಯರ ದಾರಿ. ಆ ಗೆಳೆಯರು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ದೇವರೇ ಕೋಪಿಸಿಕೊಂಡದ್ದು ಯೋಬ 42:7ರಲ್ಲಿದೆ. ಆಕೆಯ ಜೊತೆ ಕುಳಿತು ಹಾಡಬೇಕು. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರೆ ಮರುದಿನ ಪಂಚಾಯಿತಿಗೂ ಹೋಗಬೇಕು.

ಗುಣವಾಗದಿದ್ದರೆ? 2 ಕೊರಿಂಥ 12ರಲ್ಲಿ ಪೌಲ ತನ್ನ ಶರೀರದಲ್ಲಿ ನಾಟಿದ ಶೂಲದ ಬಗ್ಗೆ ಹೇಳುತ್ತಾನೆ. ಅದೇನೆಂದು ಬಿಡಿಸಿ ಹೇಳಿಲ್ಲ. ಆದ್ದರಿಂದ ಯಾವ ರೋಗಿಯೂ ತನ್ನ ನೋವನ್ನು ಅಲ್ಲಿಟ್ಟು ಓದಬಹುದು. ಮೂರು ಸಾರಿ ಬೇಡಿದರೂ ಶೂಲ ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಹಾಗಾಗಿ, ಗುಣವಾಗದವರಿಗೆ ನಂಬಿಕೆ ಸಾಲದು ಎನ್ನುವ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಅದು ನೊಂದವರ ಮೇಲೆ ಇನ್ನೊಂದು ಹೊರೆ ಹೇರುತ್ತದೆ.

ಸಂತೋಷವೆಂದರೆ ಅಳಬಾರದೆಂದಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಫಿಲಿಪ್ಪಿ ಪತ್ರಿಕೆಯಲ್ಲೂ, ಕಾಣಿಕೆ ತಂದು ಸಾಯುವ ಹಾಗೆ ಕಾಯಿಲೆ ಬಿದ್ದ ಎಪಫ್ರೊದೀತನ ಮಾತು ಬಂದಾಗ, ಅವನು ತೀರಿಹೋಗಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲ ಬರೆಯುತ್ತಾನೆ (2:27).

ಹಾಗಾದರೆ ಈ ಸಂತೋಷಕ್ಕೆ ಆಧಾರ ಯಾವುದು? ನೋವಂತೂ ಅಲ್ಲ. ಕರ್ತನಲ್ಲಿ ಎನ್ನುತ್ತಾನೆ ಪೌಲ: ತಾನೇ ಶಿಲುಬೆಯ ನೋವುಂಡು ಎದ್ದುಬಂದವನು ಈ ಹಾಸಿಗೆಯ ಪಕ್ಕದಲ್ಲೂ ಇದ್ದಾನೆ ಎಂಬ ಭರವಸೆಯಲ್ಲಿ. ಪೇತ್ರನು ಚಿನ್ನವನ್ನು ಬೆಂಕಿಯಲ್ಲಿ ಶೋಧಿಸುವ ಹೋಲಿಕೆ ಕೊಡುತ್ತಾನೆ (1 ಪೇತ್ರ 1:7). ಹಟ್ಟಿ ಚಿನ್ನದ ಗಣಿಯ ಕಡೆಯವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ಅದರ ಹಿಂದಿನ ವಚನವನ್ನು ಬಿಡಬೇಡಿ. ನಾನಾ ಕಷ್ಟಗಳಿಂದ ನೀವು ದುಃಖಪಡುತ್ತಿದ್ದೀರಿ ಎಂದು ಅವನು ಮೊದಲೇ ಒಪ್ಪಿಕೊಂಡಿದ್ದಾನೆ.

ಉದ್ದೇಶದ ಪ್ರಶ್ನೆ ಇನ್ನೂ ಕಷ್ಟದ್ದು. ಈ ನೋವು ಯಾಕೆ ಬಂತು ಎಂದು ಯೋಬನಿಗೂ ದೇವರು ಹೇಳಲಿಲ್ಲ. ಹೊಸ ಒಡಂಬಡಿಕೆ ಅದರಿಂದ ಯಾರಿಗೆ ಏನು ಉಪಯೋಗ ಎಂದು ತೋರಿಸುತ್ತದೆ. ನನ್ನ ಬೇಡಿಯಿಂದಾಗಿ ಸುವಾರ್ತೆ ಕಾವಲಿನ ಸಿಪಾಯಿಗಳಿಗೂ ಮುಟ್ಟಿತು ಎನ್ನುತ್ತಾನೆ ಪೌಲ (ಫಿಲಿಪ್ಪಿ 1:12-14). ನಾವು ಪಡೆದ ಸಾಂತ್ವನದಿಂದಲೇ ಇನ್ನೊಬ್ಬರನ್ನು ಸಂತೈಸಬಲ್ಲೆವು ಎನ್ನುತ್ತದೆ 2 ಕೊರಿಂಥ 1:4. ಹಾಸಿಗೆಯಲ್ಲಿರುವವರನ್ನು ನಾವು ಪ್ರಾರ್ಥನೆ ಪಡೆಯುವವರೆಂದಷ್ಟೇ ನೋಡುತ್ತೇವೆ; ಈ ವಚನದ ಪ್ರಕಾರ ಅವರು ಸೇವಕರೂ ಹೌದು. ಹೊಸದಾಗಿ ಕಾಯಿಲೆ ಬಿದ್ದವರಿಗೆ ಫೋನಿನಲ್ಲಿ ಅವರು ಆಡುವ ಎರಡು ಮಾತು ನಮ್ಮಂಥವರಿಂದ ಬರುವುದಿಲ್ಲ.

ಮುಂದಿನ ಕೂಟಕ್ಕೆ ಫಿಲಿಪ್ಪಿ 4:10-13 ಓದಿಕೊಂಡು ಬನ್ನಿ. ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಎಂದು ಪೌಲ ಅಲ್ಲಿ ಹೇಳುತ್ತಾನೆ. ಸಾಧ್ಯವಾದರೆ ಅದನ್ನು ಹೊರಗೆ ಬರಲಾಗದವರ ಮನೆಯಲ್ಲೇ ಓದೋಣ, ಮೊದಲು ಮಾತಾಡಲು ಅವರಿಗೇ ಬಿಡೋಣ.