ಮಳೆಯಲ್ಲಿ ಕ್ರೀಡಾಕೂಟ, ಬೇಸಿಗೆಯಲ್ಲಿ ಹಾಕಿ: ಕೊಡಗಿನ ಪ್ರೌಢಶಾಲೆ ಮೈದಾನಗಳ ಲೆಕ್ಕ

ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ಏಪ್ರಿಲ್–ಮೇ ತಿಂಗಳಲ್ಲಿ. ಆ ಹೊತ್ತಿಗೆ ಕಾಫಿ ಕುಯ್ಲು ಮುಗಿದಿರುತ್ತದೆ, ಮೈದಾನ ಒಣಗಿರುತ್ತದೆ, ಬೆಂಗಳೂರು ಸೇರಿದವರು ರಜೆ ಹಾಕಿ ಊರಿಗೆ ಬಂದಿರುತ್ತಾರೆ. ಶಾಲೆಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟವಾದರೆ ಹೆಚ್ಚಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ. ಜೂನ್‌ಗೆ ಪಾಠ ಹಿಡಿತಕ್ಕೆ ಬರುತ್ತಿದ್ದಂತೆ ಮಳೆಯೂ ಹಿಡಿಯುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಮಕ್ಕಳಲ್ಲಿ ಅನೇಕರು ಸುಣ್ಣದ ಗೆರೆ ಎಳೆದ ಟ್ರ್ಯಾಕ್ ಮೇಲೆ ಆ ವರ್ಷ ಮೊದಲ ಬಾರಿ ಕಾಲಿಡುವುದೇ ಸ್ಪರ್ಧೆಯ ದಿನ. ದೈಹಿಕ ಶಿಕ್ಷಕರ ಸೋಮಾರಿತನ ಎಂದು ಬೈಯುವುದು ಸುಲಭ, ಆದರೆ ಗಂಟು ಇರುವುದು ವೇಳಾಪಟ್ಟಿಯಲ್ಲಿ.

ಊರಿನ ಹಳೆಯ ಪಂಚಾಂಗ ಇದನ್ನು ಬೇರೆಯದೇ ರೀತಿ ನಿಭಾಯಿಸಿತ್ತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಪೊಳ್ದ್ ಹಬ್ಬ. ಅಂದು ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಹಗ್ಗಜಗ್ಗಾಟ. ಭತ್ತ ಕುಯ್ದ ಪುತ್ತರಿ ಹಬ್ಬಕ್ಕೆ ಊರ ಬಯಲುಗಳಾದ ಮಂದ್‌ಗಳಲ್ಲಿ ಕೋಲಾಟ, ಬೆತ್ತದ ಕಾಳಗದ ಆಟವಾದ ಪರೆಯಕಳಿ. ಕೆಲಸ ಬಿಡುವು ಕೊಟ್ಟಾಗ, ನೆಲ ಒಪ್ಪಿದಾಗ ಆಟ. ಶಾಲೆಯ ವೇಳಾಪಟ್ಟಿಗೆ ನೆಲದ ಒಪ್ಪಿಗೆ ಬೇಕಿರಲಿಲ್ಲ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಲಬುರಗಿಗೆ, ಮಂಡ್ಯಕ್ಕೆ ಹೊಂದುವ ದಿನಾಂಕಗಳೇ ಮಡಿಕೇರಿಗೂ ಬಂದವು.

ಹಾಗಿದ್ದೂ ಒಂದು ತಲೆಮಾರು ಮಣ್ಣಿನ ಮೈದಾನದಿಂದಲೇ ಒಲಿಂಪಿಕ್ಸ್‌ಗೆ ಹೋಯಿತು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ 1972ರ ಮ್ಯೂನಿಕ್‌ನಲ್ಲಿ ಹಾಕಿ ಆಡಿದರು. ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಆದರೆ ಅಷ್ಟರಲ್ಲಿ ಆಟದ ನೆಲವೇ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸು, ಅಂದರೆ ಟರ್ಫ್, ಬಂತು. ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಮಣ್ಣಿನಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆಂದು ಹೇಳಲಾಗದು, ಹಾಗಾಗಿ ಆಟಗಾರ ಸ್ಟಿಕ್ ನೆಟ್ಟಗೆ ಹಿಡಿದು, ಕೊನೆಯ ಗಳಿಗೆಯವರೆಗೂ ಚೆಂಡನ್ನೇ ನೋಡುತ್ತಾ ತಡೆಯುತ್ತಾನೆ. ಟರ್ಫ್‌ನಲ್ಲಿ ಚೆಂಡು ನೆಲ ಬಿಡುವುದಿಲ್ಲ. ಮೊಣಕಾಲು ಬಗ್ಗಿಸಿ ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ ತಡೆಯಬಹುದು, ತಲೆ ಎತ್ತಿ ಜೊತೆಗಾರ ಎಲ್ಲಿದ್ದಾನೆಂದು ನೋಡಲೂ ಸಮಯ ಸಿಗುತ್ತದೆ. 15ನೇ ವಯಸ್ಸಿನವರೆಗೆ ಮೊದಲನೆಯದನ್ನೇ ಮೈಗೂಡಿಸಿಕೊಂಡವರಿಗೆ ಎರಡನೆಯದು ಬೇಗ ಒಗ್ಗುವುದಿಲ್ಲ.

ಇದಕ್ಕೆ ಸಿಕ್ಕ ಉತ್ತರ ಹಾಸ್ಟೆಲು. ಮಡಿಕೇರಿ, ಪೊನ್ನಂಪೇಟೆ, ಕೂಡಿಗೆಯ ಕ್ರೀಡಾ ಶಾಲೆ ಮತ್ತು ವಸತಿ ನಿಲಯಗಳು ಮಕ್ಕಳನ್ನು ಚಿಕ್ಕ ವಯಸ್ಸಿಗೇ ಆರಿಸಿಕೊಳ್ಳುತ್ತವೆ. ವ್ಯವಸ್ಥೆ ಒಳ್ಳೆಯದೇ, ಅಲ್ಲಿಂದ ಆಟಗಾರರು ಬಂದಿದ್ದಾರೆ. ಆದರೆ ಊರಿನ ಪ್ರೌಢಶಾಲೆಗೆ ಉಳಿಯುವುದು ಆಯ್ಕೆಯಾಗದ ಮಕ್ಕಳು, ಇಳಿಜಾರು ಮೈದಾನ, ಇದ್ದರೆ ಒಬ್ಬ ದೈಹಿಕ ಶಿಕ್ಷಕ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದ ಹಾಕಿ ಹಬ್ಬ ಊರಿನ ಉತ್ಸಾಹವನ್ನು ಎತ್ತಿ ಹಿಡಿಯಿತು, ನಿಜ. ಆದರೆ ಅದು ನಡೆಯುವುದು ಶಾಲೆಗೆ ಬೀಗ ಬಿದ್ದ ಮೇಲೆ.

ಕಾಗದದ ಮೇಲೆ ವಿಷಯಕ್ಕೆ ಗೌರವ ಕಡಿಮೆಯೇನಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 10ನೇ ತರಗತಿವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣ ಕಡ್ಡಾಯ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆಟದ ಮೈದಾನ ಬೇಕೆಂದಿತು, ಆದರೆ ಆ ಕಾಯ್ದೆ 8ನೇ ತರಗತಿಗೆ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಆಟಕ್ಕೆ ಒಂದೂ ಇಲ್ಲ. ಮಳೆ ರಜೆಯ ಪಾಠ ಸರಿದೂಗಿಸಬೇಕಾದಾಗ ಮೊದಲು ಹೋಗುವುದು ಶನಿವಾರದ ಕವಾಯತು, ಆಮೇಲೆ ಆಟದ ಪೀರಿಯಡ್ಡು.

ಇನ್ನು ಮೈದಾನ. ಕೊಡಗಿನಲ್ಲಿ ಮೈದಾನವೆಂದರೆ ಬಹುಪಾಲು ಗುಡ್ಡ ಕಡಿದು, ಕಡಿದ ಮಣ್ಣನ್ನು ಕೆಳಬದಿಗೆ ತುಂಬಿ ಮಾಡಿದ ಮಟ್ಟಸ. ಕಡಿದ ಬದಿಯ ಮಣ್ಣಿನ ಗೋಡೆ, ಅಂದರೆ ಬರೆಯಿಂದ ನೀರು ಒಸರುತ್ತದೆ, ತುಂಬಿದ ಬದಿ ವರ್ಷವರ್ಷ ಕುಸಿಯುತ್ತದೆ. ಬರೆಯ ಬುಡದಲ್ಲಿ ಚರಂಡಿ ಇಲ್ಲದಿದ್ದರೆ ಮೇಲೆ ಎಷ್ಟು ಮಣ್ಣು ಸುರಿದರೂ ವ್ಯರ್ಥ. ಕೆಸರಿನಲ್ಲಿ ಆಡಿದ ಗುಳಿಗಳು ಡಿಸೆಂಬರಿಗೆ ಕಲ್ಲಾಗಿ ಕಾಲು ಉಳುಕಿಸುತ್ತವೆ. ರೋಲರ್ ಎಳೆಯಲು ಒಂದೇ ಸಮಯ: ಮಳೆ ಬಿಟ್ಟ ಮೇಲೆ, ಮಣ್ಣು ಮುಷ್ಟಿಯಲ್ಲಿ ಉಂಡೆಯಾಗಿ ಕೈಗೆ ಅಂಟದಿರುವಾಗ. ಅದಕ್ಕೆ ಮೊದಲಾದರೆ ರೋಲರಿಗೇ ಮೆತ್ತುತ್ತದೆ, ತಡವಾದರೆ ಗುಳಿ ಕೂರುವುದಿಲ್ಲ.

400 ಮೀಟರ್ ಟ್ರ್ಯಾಕಿಗೆ ಇಲ್ಲಿ ಜಾಗ ಸಿಗುವುದು ಅಪರೂಪ, ಅದರ ಕನಸೂ ಬೇಡ. 200 ಮೀಟರ್ ಟ್ರ್ಯಾಕಿಗೆ ಎರಡು ನೇರ ಭಾಗಗಳನ್ನು ತಲಾ 40 ಮೀಟರ್ ಇಟ್ಟುಕೊಂಡರೆ ಎರಡು ತಿರುವುಗಳಿಗೆ ಉಳಿಯುವುದು 120 ಮೀಟರ್. ಓಟದ ಅಳತೆ ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಹಿಡಿಯುವುದರಿಂದ ಗೆರೆ ಎಳೆಯುವ ತ್ರಿಜ್ಯ 18.90 ಮೀಟರ್. 1.22 ಮೀಟರಿನ ನಾಲ್ಕು ಲೇನ್ ಸೇರಿದರೆ ಒಟ್ಟು ಸುಮಾರು 88 × 48 ಮೀಟರ್ ಜಾಗ ಸಾಕು. ಹಾಕಿ ಮೈದಾನ 91.4 × 55 ಮೀಟರ್. ಅದರೊಳಗೆ ಇದು ಕೂರುತ್ತದೆ. ಒಂದು ಪೂರ್ತಿ ಸುತ್ತಿನ ಓಟಕ್ಕೆ ಪ್ರತಿ ಲೇನಿಗೂ 7.67 ಮೀಟರ್ ಮುಂದೆ ಬಿಡಬೇಕು. ಇದನ್ನು ಕಣ್ಣಂದಾಜಿನಲ್ಲಿ ಬಿಡುವುದೇ ಶಾಲಾ ಕೂಟಗಳ ಜಗಳಗಳ ಮೂಲ.

ಗೆರೆ ಒಂದೇ ಮಳೆಗೆ ಅಳಿಸುತ್ತದೆ. ಅದಕ್ಕೇ ಎರಡು ತಿರುವುಗಳ ಕೇಂದ್ರ ಮತ್ತು ನೇರ ಭಾಗದ ನಾಲ್ಕು ತುದಿಗಳಲ್ಲಿ ಗೂಟ ಹೂತು, ತಲೆಯನ್ನು ನೆಲದಿಂದ 5 ಸೆಂಟಿಮೀಟರ್ ಕೆಳಗೆ ಮುಚ್ಚಿಡಬೇಕು. ಮತ್ತೆ ಹಗ್ಗ ಕಟ್ಟಿ ಎಳೆದರಾಯಿತು. ಬಳಸಬೇಕಾದ್ದು ಸುಣ್ಣಕಲ್ಲಿನ ಪುಡಿ. ಸುಟ್ಟ ಸುಣ್ಣವಾಗಲಿ, ನೀರು ಹಾಕಿ ಅರಳಿಸಿದ ಸುಣ್ಣವಾಗಲಿ ಒದ್ದೆ ಕಾಲಿಗೆ, ಕಣ್ಣಿಗೆ ತಾಗಿದರೆ ಸುಡುತ್ತದೆ. ಇಳಿಜಾರನ್ನು ಗಾರೆಯವರ ನೀರಿನ ಟ್ಯೂಬಿನಿಂದ ಅಳೆಯಬಹುದು: ಅಡ್ಡಕ್ಕೆ 100ಕ್ಕೆ 1, ಓಟದ ದಿಕ್ಕಿಗೆ 1000ಕ್ಕೆ 1, ಅಂದರೆ 100 ಮೀಟರಿಗೆ 10 ಸೆಂಟಿಮೀಟರ್ ಇಳಿತವೇ ಮಿತಿ. ಅದಕ್ಕಿಂತ ಹೆಚ್ಚಿದ್ದ ನೆಲದಲ್ಲಿ ಕೆಳಮುಖ ಓಡಿದ ಸಮಯವನ್ನು ದಾಖಲೆ ಎಂದು ಬರೆದುಕೊಂಡರೆ ಜಿಲ್ಲಾ ಮಟ್ಟದಲ್ಲಿ ಪೆಚ್ಚಾಗುವುದು ಖಚಿತ.

ಉದ್ದ ಜಿಗಿತದ ಗುಂಡಿಯೇ ಅತಿ ಅಪಾಯ. ಮಳೆಗೆ ಮರಳು ಗಟ್ಟಿಯಾಗಿ ಕೂರುತ್ತದೆ. ಮೇಲೆ ಕೆದಕಿದರೆ ಮೆತ್ತಗೆ ಕಾಣುತ್ತದೆ, ಹಿಮ್ಮಡಿ ಬೀಳುವುದು ಕೆಳಗಿನ ಗಟ್ಟಿ ಪದರದ ಮೇಲೆ. ಪ್ರತಿ ಸಲ ಒಂದು ಅಡಿ ಆಳಕ್ಕೆ ಅಗೆಯಬೇಕು, ತಳಕ್ಕೆ ಜಲ್ಲಿ ಹಾಸಿ ನೀರು ಹೋಗಲು ದಾರಿ ಬಿಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯಲ್ಲಿ ನಡೆಯುವುದು ಕಸರತ್ತು: ಆರು ಕಡೆ ಆರು ವ್ಯಾಯಾಮ, 30 ಸೆಕೆಂಡ್ ಕೆಲಸ, 30 ಸೆಕೆಂಡ್ ಬಿಡುವು, ಮಕ್ಕಳ ನಡುವೆ ಎರಡು ಮೀಟರ್ ಅಂತರ. ಒದ್ದೆ ನೆಲದಲ್ಲಿ ಜಿಗಿತ ಬೇಡ. ಗೋಡೆಗೆ ಚೆಂಡು ತಳ್ಳುವ ಅಭ್ಯಾಸ ಒಳ್ಳೆಯದು, ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಿಟ್ಟರೆ!

ಕೂಟವನ್ನೇ ನವೆಂಬರಿಗೆ ತಳ್ಳಬಾರದೇ ಎಂಬ ಪ್ರಶ್ನೆ ಸಹಜ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ದಾಟಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ತಂಡ ಹೊರಡಬೇಕಾದ್ದರಿಂದ ಕೆಳಗಿನ ಹಂತಗಳು ಮೊದಲೇ ಮುಗಿಯಬೇಕು. ಒಂದು ಜಿಲ್ಲೆಗಾಗಿ ಸರಪಳಿ ನಿಲ್ಲುವುದಿಲ್ಲ. ಕೈಯಲ್ಲಿರುವುದು ತಯಾರಿಯ ತಿಂಗಳು ಮಾತ್ರ. ನೆಲ ಗಟ್ಟಿಯಿರುವ ನವೆಂಬರ್‌ನಿಂದ ಫೆಬ್ರುವರಿಯವರೆಗೆ 8, 9ನೇ ತರಗತಿಯವರಿಗೆ ನಿಜವಾದ ತರಬೇತಿ, ಡಿಸೆಂಬರಿನಲ್ಲಿ ಶಾಲೆಯದ್ದೇ ಕ್ರೀಡಾ ದಿನ. ಅಂದು ಸ್ಟಾಪ್‌ವಾಚಿನಲ್ಲಿ ಸಿಕ್ಕ ಸಮಯ, ಟೇಪಿನಲ್ಲಿ ಸಿಕ್ಕ ಅಳತೆಗಳನ್ನು ರಿಜಿಸ್ಟರಿಗೆ ಹತ್ತಿಸಿಟ್ಟ ಶಾಲೆ ಮುಂದಿನ ಆಗಸ್ಟ್‌ನಲ್ಲಿ ಮಳೆ ನಿಲ್ಲುವುದನ್ನು ಕಾಯದೆ ತಂಡ ಆರಿಸಬಹುದು.