ಗಾಯದ ನಾಟಕ ಆಡುವವರಿಗೆ ಶಿಕ್ಷೆಯೇ ಇಲ್ವಾ?

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಯಾರೂ ಮುಟ್ಟದಿದ್ದರೂ ಬಿದ್ದು ಒದ್ದಾಡುತ್ತಾರೆ. ರಿಪ್ಲೇ ನೋಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಇವರನ್ನು ಯಾಕೆ ಸುಮ್ನೆ ಬಿಡುತ್ತಾರೆ?

ಉತ್ತರ: ಶಿಕ್ಷೆ ಇದೆ. ಆದರೆ ಸಿಗುವ ಲಾಭದ ಮುಂದೆ ಅದು ತುಂಬಾ ಚಿಕ್ಕದು. ನನಗೆ ಬೇಜಾರಾಗುವುದೇ ಅಲ್ಲಿ.

ಆಟದ 12ನೇ ನಿಯಮದ ಪ್ರಕಾರ, ಗಾಯದ ನಟನೆ ಮಾಡಿ ರೆಫರಿಗೆ ಮೋಸ ಮಾಡಲು ನೋಡಿದರೆ ಹಳದಿ ಕಾರ್ಡ್, ಅಂದರೆ ಎಚ್ಚರಿಕೆ. ನಾಟಕ ಫಲಿಸಿದರೆ? ಪೆನಾಲ್ಟಿ ಸಿಗಬಹುದು, ಎದುರಾಳಿ ಹೊರಗೆ ಹೋಗಬಹುದು.

2002ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಮತ್ತು ಟರ್ಕಿ ಆಡುತ್ತಿದ್ದವು. ಟರ್ಕಿಯ ಹಕನ್ ಉನ್ಸಾಲ್ ಒದ್ದ ಚೆಂಡು ಬ್ರೆಜಿಲ್‌ನ ರಿವಾಲ್ಡೊ ತೊಡೆಗೆ ಬಡಿಯಿತು. ರಿವಾಲ್ಡೊ ಹಿಡಿದುಕೊಂಡು ಬಿದ್ದದ್ದು ಮುಖವನ್ನು! ಉನ್ಸಾಲ್‌ಗೆ ಎರಡನೇ ಹಳದಿ ಕಾರ್ಡ್ ಬಿತ್ತು, ಹೊರಗೆ ಹೋದರು. ಫಿಫಾ ಆಮೇಲೆ ರಿವಾಲ್ಡೊಗೆ 11,500 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಒಂದು ಪಂದ್ಯದ ನಿಷೇಧವೂ ಇಲ್ಲ. ಆ ಸಲ ಕಪ್ ಗೆದ್ದದ್ದು ಬ್ರೆಜಿಲ್.

ಹಾಗಾದರೆ ಪಂದ್ಯ ಮುಗಿದ ಮೇಲೆ ವಿಡಿಯೋ ನೋಡಿ ನಿಷೇಧ ಹಾಕಬಹುದಲ್ವಾ? ಇಂಗ್ಲೆಂಡ್ 2017ರಲ್ಲಿ ಇದನ್ನೇ ತಂದಿತು. ಮೋಸದಿಂದ ಪೆನಾಲ್ಟಿ ಪಡೆದರೆ ಅಥವಾ ಎದುರಾಳಿಯನ್ನು ಹೊರಗೆ ಕಳಿಸಿದರೆ ಎರಡು ಪಂದ್ಯ ಹೊರಗೆ. ಮೂವರು ಬೇರೆ ಬೇರೆಯಾಗಿ ವಿಡಿಯೋ ನೋಡಬೇಕು, ಮೂವರೂ ಮೋಸ ಅಂದರೆ ಮಾತ್ರ ಆರೋಪ. ಅಲ್ಲಿನ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಮೊದಲು ಸಿಕ್ಕಿಬಿದ್ದವರು ಎವರ್ಟನ್ ತಂಡದ ಊಮರ್ ನಿಯಾಸ್. ಅವರು ಆರೋಪ ಒಪ್ಪಲಿಲ್ಲ. ಎದುರಾಳಿ ಸ್ವಲ್ಪ ತಾಗಿದ್ದೂ ನಿಜ. ಮೈ ತಾಗಿದ್ದಕ್ಕೆ ಬಿದ್ದರೋ, ಬೀಳಬೇಕೆಂದೇ ಬಿದ್ದರೋ ಅಂತ ತೀರ್ಮಾನಿಸುವುದು ಅಷ್ಟು ಕಷ್ಟ. ಕೊನೆಗೆ ನಿಷೇಧವೇನೋ ಆಯಿತು. ಆದರೆ ಆ ಪೆನಾಲ್ಟಿಯಿಂದ ಬಂದ ಗೋಲು ಹಾಗೇ ಉಳಿಯಿತು. ಎದುರಾಳಿ ತಂಡ ಕ್ರಿಸ್ಟಲ್ ಪ್ಯಾಲೆಸ್ 2-2 ಡ್ರಾ ಒಪ್ಪಿಕೊಳ್ಳಬೇಕಾಯಿತು. ಅನ್ಯಾಯವಾದ ತಂಡಕ್ಕೆ ಏನು ಸಿಕ್ಕಿತು ಹೇಳಿ?

ಅನುಮಾನಕ್ಕೆ ಜಾಗವೇ ಇಲ್ಲದಿದ್ದಾಗ ಶಿಕ್ಷೆ ದೊಡ್ಡದಾಗಿದ್ದೂ ಉಂಟು. 1989ರಲ್ಲಿ ಬ್ರೆಜಿಲ್‌ನ ಮರಕಾನಾ ಮೈದಾನದಲ್ಲಿ ಚಿಲಿಯ ಗೋಲ್‌ಕೀಪರ್ ರೊಬೆರ್ಟೊ ರೋಹಾಸ್ ಹತ್ತಿರ ಪಟಾಕಿಯೊಂದು ಬಿತ್ತು. ಅವರು ಕೈಗವಸಿನಲ್ಲಿ ಬಚ್ಚಿಟ್ಟಿದ್ದ ಬ್ಲೇಡಿನಿಂದ ತಾವೇ ಮುಖ ಕೊಯ್ದುಕೊಂಡರು. ಪಟಾಕಿ ತಾಗಿಲ್ಲ ಅಂತ ಫೋಟೊಗಳು ತೋರಿಸಿದವು. ರೋಹಾಸ್‌ಗೆ ಆಜೀವ ನಿಷೇಧ (2001ರಲ್ಲಿ ತೆಗೆದರು), ಚಿಲಿಗೆ 1994ರ ವಿಶ್ವಕಪ್ ಬಾಗಿಲೇ ಮುಚ್ಚಿತು.

ವಿಎಆರ್ (ಪಂದ್ಯದ ನಡುವೆಯೇ ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಬಂದ ಮೇಲೆ ಸುಳ್ಳು ಪೆನಾಲ್ಟಿಯನ್ನು ಅಲ್ಲೇ ರದ್ದು ಮಾಡಬಹುದು. ಇದು ನಿಜಕ್ಕೂ ದೊಡ್ಡ ಸಮಾಧಾನ. ಆದರೆ ಮೈದಾನದ ಮಧ್ಯೆ ಬಿದ್ದು ಹೊತ್ತು ಕಳೆಯುವವರನ್ನು ಅದು ನೋಡುವುದಿಲ್ಲ. ಅದಕ್ಕೆ ಅಮೆರಿಕದ ಮೇಜರ್ ಲೀಗ್ ಸಾಕರ್ 2024ರಲ್ಲಿ ಒಂದು ದಾರಿ ಹುಡುಕಿತು. 15 ಸೆಕೆಂಡಿಗಿಂತ ಜಾಸ್ತಿ ಬಿದ್ದಿದ್ದು, ಚಿಕಿತ್ಸೆಗೆ ಜನ ಒಳಗೆ ಬಂದರೆ, ಆ ಆಟಗಾರ ಎರಡು ನಿಮಿಷ ಹೊರಗಿರಬೇಕು. ತಲೆಗೆ ಪೆಟ್ಟಾದವರಿಗೆ, ಗೋಲ್‌ಕೀಪರ್‌ಗೆ ವಿನಾಯಿತಿ ಇದೆ. ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ. ಮನಸ್ಸಿನೊಳಗೆ ಏನಿತ್ತು ಅಂತ ಯಾರೂ ಸಾಬೀತು ಮಾಡಬೇಕಿಲ್ಲ. ನಷ್ಟವೂ ಅದೇ ಪಂದ್ಯದಲ್ಲಿ, ಅದೇ ತಂಡಕ್ಕೆ ಆಗುತ್ತದೆ.