ಬೆಂಗಳೂರಿಗೆ ಹೋದರೆ 371(ಜೆ) ಕೈತಪ್ಪುತ್ತದೆಯೇ? ಅಕ್ಕನ ಮಗಳ ಕಾಲೇಜಿನ ಬಗ್ಗೆ ಮಾವನೊಬ್ಬರ ಪ್ರಶ್ನೆ

ಪ್ರಶ್ನೆ: ನನ್ನ ಅಕ್ಕನ ಮಗಳು ಗಂಗಾವತಿಯಲ್ಲಿ ವಿಜ್ಞಾನ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕಾರಟಗಿ ಸಮೀಪದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿದೆ. ಆದರೆ ಈ ಭಾಗ ಬಿಟ್ಟು ಹೋದರೆ, ಕಲ್ಯಾಣ ಕರ್ನಾಟಕದವರಿಗೆ ಓದು ಮತ್ತು ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಕೈತಪ್ಪುತ್ತದೆ, ಮುಂದೆ ನೌಕರಿಗೂ ತೊಂದರೆಯಾಗುತ್ತದೆ ಎಂದು ಊರಿನಲ್ಲಿ ಹಲವರು ಹೇಳುತ್ತಿದ್ದಾರೆ. ಭಾವನವರು ಈ ವಿಷಯದಲ್ಲಿ ನನ್ನ ಮಾತು ಕೇಳುತ್ತಾರೆ. ನಾನು ಏನು ಹೇಳಬೇಕು?

ಉತ್ತರ: ಮೊದಲು ಊರಿನವರ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರತಿ ವರ್ಷ ಎಷ್ಟೋ ಮನೆಗಳಲ್ಲಿ ಇದೇ ಭಯದಿಂದ ಮಕ್ಕಳ ಆಯ್ಕೆಗಳು ಕಿರಿದಾಗುತ್ತವೆ. 371(ಜೆ) ಅಡಿಯಲ್ಲಿ ಸಿಗುವ ಅರ್ಹತೆ ನಿಮ್ಮ ಸೊಸೆಗೆ ಸೇರಿದ್ದೇ ಹೊರತು ಅವಳು ಓದುವ ಕಾಲೇಜಿಗೆ ಸೇರಿದ್ದಲ್ಲ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾಗಿ 2013ರಲ್ಲಿ ಜಾರಿಗೆ ಬಂದ ಈ ವಿಧಿಯು ಜನನದಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರ ಬಗ್ಗೆ ಮಾತನಾಡುತ್ತದೆ. ಆದ್ದರಿಂದ ಅವಳು ಪದವಿಯನ್ನು ಬೆಂಗಳೂರಿನಲ್ಲಿ ಪಡೆದರೂ ಮುಂದೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಿಗೆ ಅರ್ಜಿ ಹಾಕುವಾಗ ಸ್ಥಳೀಯಳಾಗಿಯೇ ಉಳಿಯುತ್ತಾಳೆ.

ಸೀಟಿನ ವಿಷಯದಲ್ಲಿ ಮಾತ್ರ ಒಳಗೆ ಮತ್ತು ಹೊರಗೆ ಎಂಬ ವ್ಯತ್ಯಾಸವಿದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ, ಈ ಏಳು ಜಿಲ್ಲೆಗಳೊಳಗಿನ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ರಾಜ್ಯದ ಉಳಿದ ಭಾಗದಲ್ಲಿ ಆ ಪ್ರಮಾಣ ಶೇ. 8. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುವ ಸರ್ಕಾರಿ ಕೋಟಾದ ಸೀಟುಗಳಿಗೆ ಇದು ಅನ್ವಯಿಸುತ್ತದೆ, ಆಡಳಿತ ಮಂಡಳಿಯ ಕೋಟಾದ ಸೀಟುಗಳಿಗೆ ಅನ್ವಯಿಸುವುದಿಲ್ಲ. ನಮ್ಮವರು ಮರೆಯುವ ಇನ್ನೊಂದು ಸಂಗತಿಯೆಂದರೆ ಗದಗ ಮತ್ತು ಹುಬ್ಬಳ್ಳಿ ನಮಗೆ ಕಲಬುರಗಿಗಿಂತ ಹತ್ತಿರವಾದರೂ ಈ ಗಡಿಯ ಹೊರಗಿವೆ. ಅಲ್ಲಿಯೂ ಲೆಕ್ಕ ಶೇ. 8ರದ್ದೇ. ರಾಯಚೂರಿನಲ್ಲಿರುವ ಐಐಐಟಿಯು ನಮ್ಮ ನೆಲದಲ್ಲೇ ಇದ್ದರೂ ಅಖಿಲ ಭಾರತ ಮಟ್ಟದ ಜೆಇಇ ಶ್ರೇಯಾಂಕದ ಮೇಲೆ ಪ್ರವೇಶ ನೀಡುತ್ತದೆ, ಅದಕ್ಕೂ 371(ಜೆ)ಗೂ ಸಂಬಂಧವಿಲ್ಲ.

ಶೇ. 8 ಎಂದರೆ ಕಡಿಮೆಯೆಂದು ಕೈಬಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆ ಶೇ. 8ರಷ್ಟು ಸೀಟುಗಳಿಗೆ ಸ್ಪರ್ಧಿಸುವವರು ಏಳು ಜಿಲ್ಲೆಗಳ ಮಕ್ಕಳು ಮಾತ್ರ, ಇಡೀ ರಾಜ್ಯದವರಲ್ಲ. ಪ್ರಾಧಿಕಾರವು ಹಿಂದಿನ ವರ್ಷಗಳ ಕಟ್-ಆಫ್ ಪಟ್ಟಿಗಳನ್ನು ಪ್ರಕಟಿಸಿರುತ್ತದೆ. ಅದರಲ್ಲಿ ಪ್ರತಿ ವರ್ಗದ ಸಂಕೇತದ ಕೊನೆಗೆ ‘ಎಚ್’ ಸೇರಿದ ಕಾಲಂಗಳು ನಮ್ಮ ಪ್ರದೇಶಕ್ಕೆ ಮೀಸಲಾದ ಸೀಟುಗಳವು. ನಡುವೆ ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ. ನಿಮ್ಮ ಸೊಸೆ ಹತ್ತು ವರ್ಷವೂ ಹಳ್ಳಿಯ ಶಾಲೆಯಲ್ಲಿ, ಅದೂ ಕನ್ನಡದಲ್ಲಿ ಓದಿರುವುದರಿಂದ ಶೇ. 15ರ ಗ್ರಾಮೀಣ ಮೀಸಲಾತಿ ಮತ್ತು ಶೇ. 5ರ ಕನ್ನಡ ಮಾಧ್ಯಮ ಮೀಸಲಾತಿ ಎರಡನ್ನೂ ಕೇಳಬಲ್ಲಳು. ಪಿಯುಸಿಯನ್ನು ಪಟ್ಟಣದಲ್ಲಿ ಓದಿದ್ದರಿಂದ ಅದಕ್ಕೆ ಅಡ್ಡಿಯಿಲ್ಲ. ತನ್ನ ರ್‍ಯಾಂಕನ್ನು ಅವಳು ಬರೀ ಸಾಮಾನ್ಯ ವರ್ಗದ ಕಾಲಂಗೆ ಹೋಲಿಸಿ ನಿರಾಶಳಾಗದಂತೆ ನೋಡಿಕೊಳ್ಳಿ. ತನಗೆ ಅನ್ವಯವಾಗುವ ಎಲ್ಲ ಕಾಲಂಗಳನ್ನೂ ಅವಳೇ ಕುಳಿತು ಓದಲಿ.

371(ಜೆ) ಸೌಲಭ್ಯಕ್ಕೆಲ್ಲ ಆಧಾರ ಅವಳು ಈ ಪ್ರದೇಶದವಳೆಂಬ ಅರ್ಹತಾ ಪ್ರಮಾಣಪತ್ರ. ಅದಕ್ಕೆ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು, ಆದರೆ ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಕೊಪ್ಪಳ ಜಿಲ್ಲೆಯವರಿಗೆ ಆ ಕಚೇರಿ ಕೊಪ್ಪಳದಲ್ಲೇ ಇದೆ, ರಾಯಚೂರು ಜಿಲ್ಲೆಯಲ್ಲಿ ರಾಯಚೂರು ಮತ್ತು ಲಿಂಗಸುಗೂರು ಎಂಬ ಎರಡು ಉಪವಿಭಾಗಗಳಿವೆ. ಜಾತಿ, ಆದಾಯದ ಪತ್ರಗಳಂತೆ ಇದು ಬೇಗ ಕೈಸೇರುತ್ತದೆಂದು ನಂಬಿ ಕುಳಿತುಕೊಳ್ಳಬಾರದು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ತಾಯಿಯ ತವರು ಗದಗ ಅಥವಾ ಬಾಗಲಕೋಟೆಯ ಕಡೆ ಇದ್ದರೆ ಮಗುವಿನ ಜನನ ಪತ್ರದಲ್ಲಿ ಹೊರಗಿನ ಊರು ನಮೂದಾಗಿರುತ್ತದೆ. ಅಂಥವರು ಗಾಬರಿಯಾಗಬೇಕಿಲ್ಲ. ವಿಧಿಯಲ್ಲಿ ವಾಸವನ್ನೂ ಆಧಾರವಾಗಿ ಒಪ್ಪಿರುವುದರಿಂದ ತಂದೆ-ತಾಯಿಯ ಪಹಣಿ, ಪಡಿತರ ಚೀಟಿ, ಶಾಲಾ ದಾಖಲೆಗಳನ್ನು ಹೊಂದಿಸಿಕೊಂಡು ಆ ಆಧಾರದ ಮೇಲೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಅವಳು ಸಿಇಟಿ ಅರ್ಜಿ ತುಂಬುವಾಗ 371(ಜೆ), ಗ್ರಾಮೀಣ, ಕನ್ನಡ ಮಾಧ್ಯಮ ಈ ಮೂರನ್ನೂ ಕೇಳಿದ್ದಾಳೆಯೇ ಎಂಬುದನ್ನು ಅರ್ಜಿಯ ಪ್ರತಿ ತೆಗೆದು ಈ ಹೊತ್ತೇ ನೋಡಿ. ಬಿಟ್ಟುಹೋಗಿದ್ದರೆ ಪ್ರಾಧಿಕಾರ ತಿದ್ದುಪಡಿಗೆ ಅವಕಾಶ ಕೊಟ್ಟ ದಿನಗಳಲ್ಲೇ ಸರಿಪಡಿಸಿಕೊಳ್ಳಬೇಕು.

ಇನ್ನು ನಿಮ್ಮ ನಿಜವಾದ ಪ್ರಶ್ನೆ: ಇಲ್ಲಿಯೋ, ಬೆಂಗಳೂರಿನಲ್ಲಿಯೋ? ಊರನ್ನು ಮೊದಲು ಆರಿಸಿ ಆಮೇಲೆ ಕಾಲೇಜು ಹುಡುಕುವ ಕ್ರಮವೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅವಳ ರ್‍ಯಾಂಕಿಗೆ ಬೆಂಗಳೂರಿನಲ್ಲಿ 1917ರಿಂದ ನಡೆಯುತ್ತಿರುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಂಥ ಸರ್ಕಾರಿ ಸಂಸ್ಥೆಯಲ್ಲೋ ಹಳೆಯ ಅನುದಾನಿತ ಕಾಲೇಜಿನಲ್ಲೋ ಸರ್ಕಾರಿ ಕೋಟಾದ ಸೀಟು ಸಿಗುವಂತಿದ್ದರೆ ಖಂಡಿತ ಕಳುಹಿಸಿ. ಸಾಲ ಮಾಡಿಯಾದರೂ ಕಳುಹಿಸಬಹುದಾದ ಅವಕಾಶ ಅದು. ಆದರೆ ನಗರದ ಹೊರವಲಯದ ಹೆಸರು ಕೇಳಿರದ ಖಾಸಗಿ ಕಾಲೇಜು ಮಾತ್ರ ಸಿಗುವಂತಿದ್ದರೆ, ಅದಕ್ಕಿಂತ ಗಂಗಾವತಿ, ತಳಕಲ್ ಅಥವಾ ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಇಲ್ಲವೇ 1958ರಲ್ಲಿ ಆರಂಭವಾದ ಕಲಬುರಗಿಯ ಪಿಡಿಎ ಕಾಲೇಜು ಮೇಲು. ಬೆಂಗಳೂರಿನ ಆ ಖಾಸಗಿ ಕಾಲೇಜಿನ ಪದವಿ ಪತ್ರಕ್ಕೆ ಇವುಗಳಿಗಿಂತ ಹೆಚ್ಚಿನ ತೂಕವೇನೂ ಇಲ್ಲ. ಬೆಂಗಳೂರಿನಲ್ಲಿ ಕಂಪನಿಗಳು ಹತ್ತಿರವಿರುತ್ತವೆ, ತರಬೇತಿ ಮತ್ತು ಇಂಟರ್ನ್‌ಶಿಪ್ ಸುಲಭವಾಗುತ್ತವೆ ಎಂಬುದು ನಿಜ. ಆದರೆ ಆ ಲಾಭ ಸಿಗುವುದು ಕೊನೆಯ ಒಂದೆರಡು ವರ್ಷಗಳಲ್ಲಿ, ಬಾಡಿಗೆಯನ್ನು ಮಾತ್ರ ಮೊದಲ ತಿಂಗಳಿನಿಂದಲೇ ಕಟ್ಟಬೇಕು.

ಬೇಸಾಯದ ಮನೆಯವರಿಗೆ ಈ ಮಾತು ಬಹಳ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ಭತ್ತ ಬೆಳೆಯುವ ಮನೆಗೆ ಹಣ ಬರುವುದು ಕಟಾವಿನ ನಂತರ. ಕಾಲೇಜಿನ ಶುಲ್ಕ ಕಟ್ಟುವ ದಿನಗಳು ಬರುವುದು ನಾಟಿಗೆ, ಗೊಬ್ಬರಕ್ಕೆ ಕೈಯಲ್ಲಿದ್ದದ್ದೆಲ್ಲ ಖರ್ಚಾಗುವ ಮುಂಗಾರಿನಲ್ಲಿ. ಮೊದಲ ವರ್ಷದ ಶುಲ್ಕವನ್ನು ಹೇಗೋ ಹೊಂದಿಸಿದವರು ಎರಡನೆಯ ವರ್ಷ ಖಾಸಗಿ ಸಾಲಕ್ಕೆ ಹೋಗುವುದು ಹೀಗೆ. ಆದ್ದರಿಂದ ಭಾವನವರೊಂದಿಗೆ ಕುಳಿತು ಶುಲ್ಕ, ಹಾಸ್ಟೆಲ್ ಅಥವಾ ಪಿಜಿ ಬಾಡಿಗೆ, ಊಟ, ಓಡಾಟ, ಒಂದು ಲ್ಯಾಪ್‌ಟಾಪ್ ಎಲ್ಲವನ್ನೂ ಸೇರಿಸಿ ನಾಲ್ಕು ವರ್ಷಕ್ಕೂ ಲೆಕ್ಕ ಬರೆಯಿರಿ. ಅವಳು ಗಂಗಾವತಿಯ ಕಾಲೇಜಿಗೇ ಸೇರಿದರೆ ಮನೆಯಿಂದ ಓಡಾಡಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಹೆಣ್ಣುಮಗಳ ಓದನ್ನು ದೂರದ ನೆಪದಿಂದ ನಿಲ್ಲಿಸುವ ಮನೆಗಳಿಗೆ ಇದಕ್ಕಿಂತ ದೊಡ್ಡ ಉತ್ತರ ಇತ್ತೀಚೆಗೆ ಬಂದಿಲ್ಲವೆಂದು ನಾನು ತಿಳಿದಿದ್ದೇನೆ.

ಲೆಕ್ಕದ ಇನ್ನೊಂದು ಬದಿಯಲ್ಲಿ ಬರುವ ನೆರವನ್ನೂ ಬರೆಯಬೇಕು. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ನೆರವು ಇದೆ. ಹತ್ತು ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅವಳ ಪಿಯು ಕಾಲೇಜು ಸರ್ಕಾರಿಯಾಗಿದ್ದರೆ ಇದನ್ನು ಬಿಡಬೇಡಿ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಸೂಪರ್ ನ್ಯೂಮರರಿ, ಅಂದರೆ ನಿಗದಿತ ಸಂಖ್ಯೆಗೆ ಹೆಚ್ಚುವರಿಯಾದ ಸೀಟುಗಳೂ ಇವೆ.

ಎಂಜಿನಿಯರಿಂಗ್ ಎಂಬುದು ಅವಳ ಆಸೆಯೋ ಅಥವಾ ಜೊತೆಯವರೆಲ್ಲ ಅದನ್ನೇ ಹೇಳುವುದರಿಂದ ಬಂದ ಮಾತೋ ಎಂದೂ ಒಮ್ಮೆ ಪ್ರೀತಿಯಿಂದ ಕೇಳಿ. ಪಿಯುಸಿಯಲ್ಲಿ ಜೀವಶಾಸ್ತ್ರವನ್ನೂ ಓದಿದ್ದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ ಪದವಿಯೂ ಸಿಇಟಿ ಮೂಲಕವೇ ಸಿಗುತ್ತದೆ, ಅದರಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಮತ್ತು ಪ್ರಾಯೋಗಿಕ ಪರೀಕ್ಷೆಯೂ ಇದೆ. ಅವಳಿಗೆ ಯಂತ್ರ ಮತ್ತು ಹೊಲ ಎರಡರ ಮೇಲೂ ಒಲವಿದ್ದರೆ ಅದೇ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಇದೆ. ಹೊಲದ ಮನೆಯಲ್ಲಿ ಬೆಳೆದ ಮಗು ಹೊಲದ ವಿದ್ಯೆ ಓದುವುದನ್ನು ಕೀಳಾಗಿ ಕಾಣುವ ಅಭ್ಯಾಸ ನಮ್ಮಲ್ಲಿ ಏಕೆ ಬೆಳೆಯಿತೋ, ಅದು ಹೋಗಬೇಕು.

ಎಲ್ಲಿಗೆ ಸೇರಿದರೂ ಮೊದಲ ಸೆಮಿಸ್ಟರ್ ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟದ್ದು. ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ಓದಿದ್ದರೂ ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಸಂದೇಹ ಕೇಳುವ ಧೈರ್ಯ ಬಂದಿರುವುದಿಲ್ಲ. ಆ ಮೌನವನ್ನು ಮಕ್ಕಳು ತಮ್ಮ ಬುದ್ಧಿಯ ಕೊರತೆಯೆಂದು ತಿಳಿದುಕೊಳ್ಳುತ್ತಾರೆ. ಸಂದೇಹವನ್ನು ಕನ್ನಡದಲ್ಲೇ ಕೇಳು, ತರಗತಿಯಲ್ಲಿ ಆಗದಿದ್ದರೆ ಮೇಷ್ಟರ ಕೊಠಡಿಗೆ ಹೋಗಿ ಕೇಳು ಎಂದು ಅವಳಿಗೆ ಈಗಲೇ ಹೇಳಿಡಿ. ಮೊದಲ ವರ್ಷದ ತಾಂತ್ರಿಕ ವಿಷಯಗಳ ಪುಸ್ತಕಗಳನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು (ಎಐಸಿಟಿಇ) ತನ್ನ ಇ-ಕುಂಭ ಜಾಲತಾಣದಲ್ಲಿ ಕನ್ನಡದಲ್ಲಿಯೂ ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಅದನ್ನು ಇಟ್ಟುಕೊಂಡು ಓದಿದರೆ ಗಣಿತವೂ ಭೌತಶಾಸ್ತ್ರವೂ ಹತ್ತಿರವಾಗುತ್ತವೆ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಮನೆಯವರು ಗದರಿಸದಂತೆ ಭಾವನವರಿಗೂ ಮುಂಚೆಯೇ ತಿಳಿಸಿ.

ಉಳಿದಿರುವುದು ಆಯ್ಕೆ ನಮೂದಿಸುವ ಕೆಲಸ. ಪ್ರಾಧಿಕಾರವು ಅವಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ರ್‍ಯಾಂಕಿಗೆ ಸಿಗಬಹುದಾದ ಮೊದಲ ಸೀಟನ್ನು ಕೊಡುತ್ತದೆ, ಹಾಗಾಗಿ ಸಿಗಲಾರದೆಂಬ ಅನುಮಾನದಿಂದ ಇಷ್ಟದ ಕಾಲೇಜನ್ನು ಕೆಳಗೆ ಹಾಕುವುದರಿಂದ ಲಾಭವಿಲ್ಲ. ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಲಿ, ಸೇರಲು ಸಿದ್ಧವಿಲ್ಲದ ಕಾಲೇಜನ್ನು ಮಾತ್ರ ಬರೆಯದಿರಲಿ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ: ಒಪ್ಪಿ ಸೇರುವುದು, ಈ ಸೀಟನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿಯಾಗಿ ಹೊರಬರುವುದು. ಮೂರನೆಯದನ್ನು ಎರಡನೆಯದೆಂದು ತಿಳಿದು ಒತ್ತಿದವರು ಕೈಯಲ್ಲಿದ್ದ ಸೀಟನ್ನೂ ಕಳೆದುಕೊಳ್ಳುತ್ತಾರೆ. ಪಾಸ್‌ವರ್ಡನ್ನು ಸೈಬರ್ ಸೆಂಟರಿನವರ ಕೈಗೆ ಕೊಟ್ಟು ಬರಬೇಡಿ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಬಂದ ದಿನ ನೀವು ಅಕ್ಕನ ಮನೆಗೆ ಹೋಗಿ, ಅಕ್ಕ-ಭಾವ ಮತ್ತು ಅವಳೊಂದಿಗೆ ಕುಳಿತು ಪಟ್ಟಿಯನ್ನು ಒಮ್ಮೆ ತಿದ್ದಿ, ಕೊನೆಯ ದಿನದ ನೂಕುನುಗ್ಗಲಿಗೆ ಮೊದಲೇ ಅವಳ ಕೈಯಿಂದಲೇ ಸಲ್ಲಿಸಿ.